ಪಂಚಾಂಗದ ಅಂಚಿನ ಸ್ನಾನ

"ನಾನು ಸತ್ರೆ ನಿನಗೆ ಸ್ನಾನ ಉಂಟೇನೇ? ಇಲ್ಲಾ, ಅಪ್ಪ ಮಾಡಿದ್ದೇ ಸಾಕಾ?"

ಎಗ್ಮೋರಿನ ಆಸ್ಪತ್ರೆಯೊಂದರ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು ಅಕ್ಕ ಹೀಗೆ ಕೇಳಿದಾಗ ನಾನು ಅವಳಿಗೆ ಕಿತ್ತಳೆ ಸುಲಿಯುತ್ತಿದ್ದೆ. ಅವತ್ತು ಸೋಮವಾರ. ಗುರುವಾರ ಬೆಳಿಗ್ಗೆ ಅವಳ ಎದೆ ಕೊಯ್ಯುವವರಿದ್ದರು. ಹೃದಯದ ಕವಾಟ ಕೆಟ್ಟಿತ್ತು, ಸಕ್ಕರೆ ಕಾಯಿಲೆ ಹಳೆಯದು, ಮೂತ್ರಪಿಂಡವೂ ಅಷ್ಟಕ್ಕಷ್ಟೆ. ಡಾಕ್ಟರು ಅವಳ ಮಗಳನ್ನು ಪಕ್ಕಕ್ಕೆ ಕರೆದು ಹೇಳಬೇಕಾದ್ದನ್ನು ಹೇಳಿದ್ದರು. ಆ ಹುಡುಗಿ ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ಅತ್ತು, ಮುಖ ತೊಳೆದು ಒಳಗೆ ಬಂದಿದ್ದಳು.

"ಅಪಶಕುನ ನುಡೀಬೇಡ. ಬಾಯಿ ಮುಚ್ಕೊಂಡು ಹಣ್ಣು ತಿನ್ನು" ಅಂದೆ.

"ಅಪಶಕುನ ಏನ್ ಬಂತು? ನಾನು ಆಗ್ಲೇ ಒಂದ್ಸಲ ಸತ್ತಿರೋಳು ತಾನೇ. ನೀನೇ ಹೇಳ್ದೆಯಲ್ಲ." ಒಂದು ತೊಳೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. "ಒಂದು ಕೆಲಸ ಮಾಡು. ಆ ಪಂಚಾಂಗ ಇದ್ಯಲ್ಲ, ಅದನ್ನ ತಂದು ತೋರ್ಸು. ಅಪ್ಪ ಬರ್ದಿದ್ದು ನಾನು ಕಣ್ಣಾರೆ ನೋಡೇ ಇಲ್ಲ. ಒಳಗೆ ಹೋಗೋಕ್ ಮುಂಚೆ ಒಂದ್ಸಲ ನೋಡ್ಬೇಕು. ಪಾವಂ, ಸಾಯೋಳು ಕೇಳ್ತಿದಾಳೆ, ಇಲ್ಲ ಅನ್ಬೇಡ."

ನಕ್ಕಳು. ಪಾವಂ ಎಂದರೆ ತಮಿಳಿನ ಪಾಪ, ಅಂಥವು ಅವಳ ಮಾತಿನಲ್ಲಿ ಬೆರೆತುಹೋಗಿದ್ದವು.

ಆ ಪಂಚಾಂಗದ ಕತೆ ಹೇಳಿಬಿಡುತ್ತೇನೆ. ಹೇಳಬಾರದ ಕತೆ, ಆದರೆ ಇನ್ನು ಯಾರಿಗೋಸ್ಕರ ಮುಚ್ಚಿಡಲಿ?

ನಮ್ಮದು ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ಕನ್ನಡ ಮಾತಿನ ವೈಷ್ಣವರ ಮನೆ. ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಹಿಂದಿನ ಒಂದು ಓಣಿ. ಅಮ್ಮ ನಾವು ಚಿಕ್ಕವರಿದ್ದಾಗಲೇ ಹೋದಳು. ಅಪ್ಪ ಗುಮಾಸ್ತರು, ಮಾತು ಕಡಿಮೆ. ಮನೆಯಲ್ಲಿ ಮಾತಾಡುವುದೆಲ್ಲ ಅವರ ಪರವಾಗಿ ಎರಡು ವಸ್ತುಗಳು ಮಾಡುತ್ತಿದ್ದವು. ಒಂದು, ಅಡುಗೆಮನೆ ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದ್ದ ಪಂಚಾಂಗ. ಅದರ ಅಂಚಿನಲ್ಲಿ ಪೆನ್ಸಿಲಿನಲ್ಲಿ ಅಪ್ಪ ಎಲ್ಲವನ್ನೂ ಬರೆಯುತ್ತಿದ್ದರು. ಗ್ಯಾಸ್ ಬಂತು. ಹಲ್ಲು ಕೀಳಿಸಿದೆ. ಸಣ್ಣವಳಿಗೆ ಜ್ವರ. ಒಂದೊಂದು ಮಾತು, ಎರಡು ಮಾತು, ಅಷ್ಟೆ. ಇನ್ನೊಂದು, ಕಾಗದದ ತಂತಿ. ಬಂದ ಕಾಗದವನ್ನೆಲ್ಲ ಓದಿ ನಡುವೆ ಚುಚ್ಚಿ ತಂತಿಗೆ ಏರಿಸಿಬಿಡುವುದು. ಸಾವಿನ ಸುದ್ದಿಯ ಕಾಗದ ಮಾತ್ರ ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ. ಹೊರಗೇ ನಿಂತು ಓದಿ, ಹರಿದು ಬಿಸಾಕಿ, ಸ್ನಾನ ಮಾಡಿ ಒಳಗೆ ಬರಬೇಕು. ನಮ್ಮಂಥ ಎಲ್ಲ ಮನೆಗಳಲ್ಲೂ ಹಾಗೇ.

ಮೂವತ್ತೆರಡು ವರ್ಷದ ಹಿಂದೆ, ಒಂದು ಆಷಾಢದಲ್ಲಿ, ಅಕ್ಕ ಮನೆ ಬಿಟ್ಟಳು. ಮಾಧವರಂ ಕಡೆಯ, ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ, ಬೇರೆ ಜಾತಿಯ ತಮಿಳು ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಅವಳಿಗೆ ಇಪ್ಪತ್ನಾಲ್ಕು, ನನಗೆ ಇಪ್ಪತ್ತು. ಅವಳು ಹೋದ ಮರುದಿನ ಬೆಳಿಗ್ಗೆ ಅಡುಗೆಮನೆಯ ಸೌಟು ನನ್ನ ಕೈಗೆ ಬಂತು, ಇವತ್ತಿನವರೆಗೂ ಬಿಟ್ಟಿಲ್ಲ. ಅಪ್ಪ ಅವಳ ಹೆಸರೆತ್ತಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

ನಾನು ಕಾಲೇಜು ಮುಗಿಸಿ ತತ್ವಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿದೆ. ಹಳೆಯ ಬರಹವನ್ನು ಅರ್ಥೈಸುವುದು ಹೇಗೆ ಎಂಬುದೇ ನನ್ನ ವಿಷಯ. ಯುರೋಪಿನವರು ಇನ್ನೂರು ವರ್ಷದಿಂದ ಇದರ ಮೇಲೆ ಜಗಳವಾಡುತ್ತಿದ್ದಾರೆ. ಇತಿಹಾಸಕಾರ ತನ್ನನ್ನು ತಾನು ಅಳಿಸಿಕೊಂಡು, ನಡೆದದ್ದನ್ನು ನಡೆದ ಹಾಗೆಯೇ ನೋಡಬಲ್ಲ ಎಂದರು ಮೊದಲಿನವರು. ಅದೆಲ್ಲ ಸುಳ್ಳು, ನಮ್ಮ ಕಾಲದಿಂದ, ನಮ್ಮ ಪೂರ್ವಗ್ರಹಗಳಿಂದ ಹೊರಗೆ ಜಿಗಿದು ನಿಲ್ಲಲು ಯಾರಿಗೂ ಆಗದು ಎಂದರು ಆಮೇಲಿನವರು. ಪೂರ್ವಗ್ರಹ ಇದ್ದೇ ಇರುತ್ತದೆ, ಅದನ್ನು ಎದುರಿಗಿರುವ ಮಾತಿನ ಮುಂದೆ ಪಣಕ್ಕಿಡು, ಅದು ನಿನ್ನನ್ನು ತಪ್ಪೆನ್ನಲು ಬಿಡು ಎಂಬುದು ಅವರ ವಾದ. ಬರೆದವನ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕಬೇಡ, ಬರಹ ಅವನ ಕೈಬಿಟ್ಟ ಮೇಲೆ ಅವನದಲ್ಲ ಎಂದೂ ಕೆಲವರು ಅಂದರು. ಆಗ ಈ ಕೊನೆಯ ಮಾತು ನನಗೆ ಬೆಲ್ಲದಷ್ಟು ಇಷ್ಟವಾಗಿತ್ತು. ಬರೆದವನನ್ನು ಕೇಳಲೇಬೇಕಾಗಿಲ್ಲ! ಎಷ್ಟು ಅನುಕೂಲ ನೋಡಿ.

ಅಂಥ ದಿನಗಳಲ್ಲೇ, ಅವಳು ಹೋಗಿ ಆರು ವರ್ಷದ ಮೇಲೆ, ಅಕ್ಕ ನನ್ನ ಕಾಲೇಜಿಗೆ ಫೋನು ಮಾಡಿದಳು. ಮಗು ಹುಟ್ಟಿದೆ, ಅಪ್ಪನಿಗೆ ತೋರಿಸಬೇಕು, ಬರಲಾ? ಅಪ್ಪನ ಕೋಪ ಇಳಿದಿದೆಯಾ? "ನಿಜ ಹೇಳೇ. ನೀನು ಹೇಳಿದ ಹಾಗೆ ಮಾಡ್ತೀನಿ" ಅಂದಳು.

ಅವತ್ತೇ ಮಧ್ಯಾಹ್ನ ನಾನು ಅಪ್ಪನ ಹಳೆಯ ಪಂಚಾಂಗಗಳ ಕಟ್ಟಿನಿಂದ ಆ ವರ್ಷದ್ದನ್ನು ಎಳೆದೆ. ಅವಳು ಹೋದ ದಿನದ ಅಂಚು ಖಾಲಿ. ಮೂರು ದಿನದ ಮೇಲೆ, ಅಷ್ಟಮಿಯ ಎದುರಿಗೆ, ಪೆನ್ಸಿಲಿನಲ್ಲಿ ಒಂದೇ ಮಾತು: ಸ್ನಾನ.

ಜಾತಿ ಬಿಟ್ಟು ಮದುವೆಯಾದ ಮಗಳು ಸತ್ತಳೆಂದು ಲೆಕ್ಕ ಹಾಕಿ ತಲೆಗೆ ನೀರು ಹೊಯ್ದುಕೊಂಡ ತಂದೆಯರ ಕತೆ ನಮ್ಮ ಬಳಗದಲ್ಲಿ ಬೇಕಾದಷ್ಟಿತ್ತು. ಮದುವೆಯಾದ ದಿನವೇ ಅಪ್ಪನಿಗೆ ಕಾಗದ ಹಾಕಿದ್ದೆ ಎಂದು ಅವಳು ಫೋನಿನಲ್ಲಿ ಹೇಳಿದ್ದಳು, ಅದು ತಲುಪಲು ಸರಿಯಾಗಿ ಮೂರು ದಿನ ಹಿಡಿಯುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆ ಸಂಜೆ ಕಾಲೇಜಿನಿಂದ ಬಂದಾಗ ಅಪ್ಪನ ಒದ್ದೆ ಪಂಚೆ ಹಗ್ಗದ ಮೇಲಿದ್ದದ್ದು ಕೂಡ ನನಗೆ ನೆನಪಾಯಿತು. ನಿಜವಾಗಿ ನೆನಪಾಯಿತೋ, ಆ ಮಾತು ಓದಿದ ಮೇಲೆ ನಾನೇ ಪಂಚೆಯನ್ನು ತಂದು ಹಗ್ಗಕ್ಕೆ ಹಾಕಿದೆನೋ, ಈಗ ದೇವರಾಣೆಗೂ ಹೇಳಲಾರೆ.

ಅಕ್ಕನನ್ನು ಎಗ್ಮೋರಿನ ಮ್ಯೂಸಿಯಂ ಅಂಗಳಕ್ಕೆ ಬರಹೇಳಿದೆ. ಒಂದು ಮರದ ಕೆಳಗೆ ಕೂತು, ಮಗುವಿನ ಕೆನ್ನೆ ಮುಟ್ಟಿ, ಕೋರ್ಟಿನಲ್ಲಿ ಸಾಕ್ಷಿ ಹೇಳುವವಳ ದನಿಯಲ್ಲಿ ಹೇಳಿದೆ: "ನನ್ನ ಅಭಿಪ್ರಾಯ ಅಲ್ಲ ಇದು. ಅಪ್ಪನ ಕೈಬರಹ. ಅಪ್ಪ ನಿನಗೆ ಸ್ನಾನ ಮಾಡಿದಾರೆ. ಬರ್ಬೇಡ, ನಿನಗೇ ಅವಮಾನ." ಅವಳು ಮಗುವಿನ ಅಂಗಿಯ ಗುಂಡಿ ಹಾಕಿದಳು. ಆಮೇಲೆ "ಅಪ್ಪಡಿಯಾ" ಅಂದಳು. ಹೌದೇ ಎಂದಷ್ಟೇ ಅದರ ಅರ್ಥ. ಎದ್ದು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಸ್ಸಿಗೆ ಹೋದಳು.

ಮೂರು ವರ್ಷದ ಮೇಲೆ ಅಪ್ಪ ತೀರಿಕೊಂಡರು. ನಾನು ಫೋನು ಮಾಡಿದೆ. "ಸತ್ತೋಳು ಸಾವಿನ ಮನೆಗೆ ಬರ್ಬಾರ್ದು" ಅಂದು ಇಟ್ಟುಬಿಟ್ಟಳು. ಬರಲಿಲ್ಲ. ಆಮೇಲೆ ವರ್ಷಗಳು ಕಳೆದು, ಹಬ್ಬಕ್ಕೆ ಒಂದು ಡಬ್ಬಿ, ಮಗುವಿನ ಹುಟ್ಟುಹಬ್ಬಕ್ಕೆ ಒಂದು ಬಟ್ಟೆ, ಹೀಗೆ ಮೆಲ್ಲಗೆ ನಮ್ಮಿಬ್ಬರಿಗೆ ಮಾತು ಬಂತು. ಸ್ನಾನದ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ, ಈ ಸೋಮವಾರದವರೆಗೆ.

ಅವತ್ತು ಆಸ್ಪತ್ರೆಯಿಂದ ಮನೆಗೆ ಬಂದವಳೇ ಏಣಿ ಹಾಕಿ ಲಾಫ್ಟ್ ಹತ್ತಿದೆ. ಅಪ್ಪನ ಟ್ರಂಕನ್ನು ಅವರು ಹೋದಾಗ ಮುಚ್ಚಿ ಇಟ್ಟದ್ದು, ತೆಗೆದೇ ಇರಲಿಲ್ಲ. ಪಂಚಾಂಗಗಳು ವರ್ಷವಾರು ದಾರದಲ್ಲಿ ಕಟ್ಟಿದ್ದವು. ಆ ವರ್ಷದ್ದನ್ನು ತೆಗೆದುಕೊಂಡು ಇಳಿದುಬಿಡಬಹುದಿತ್ತು. ಕಟ್ಟಿನ ದಾರ ಹಳೆಯದು, ಎಳೆದ ಕೂಡಲೇ ಕಿತ್ತು ಎಲ್ಲ ನೆಲಕ್ಕೆ ಬಿದ್ದವು. ಒಂದು ತೆರೆದುಕೊಂಡು ಬಿದ್ದಿತ್ತು. ಅದು ಬೇರೆ ಯಾವುದೋ ವರ್ಷದ್ದು. ಅದರ ಅಂಚಿನಲ್ಲೂ ಪೆನ್ಸಿಲಿನಲ್ಲಿ ಬರೆದಿತ್ತು: ಸ್ನಾನ.

ಇಳಿದು ನೆಲದ ಮೇಲೇ ಕೂತೆ. ಒಂದೊಂದಾಗಿ ತಿರುವಿಹಾಕಿದೆ. ನಾನು ಹುಟ್ಟಿದ ವರ್ಷದ್ದರಲ್ಲಿ ಸ್ನಾನ. ಅಕ್ಕ ಎಸ್ಸೆಸ್ಸೆಲ್ಸಿ ಬರೆದ ವರ್ಷ ಎರಡು ಸಲ ಸ್ನಾನ. ಅವಳು ಹೋದ ಮೇಲಿನ ವರ್ಷಗಳಲ್ಲೂ ಅಲ್ಲಲ್ಲಿ ಸ್ನಾನ. ದಿನಾ ಮೀಯುವ ಮನುಷ್ಯ ಮಿಂದದ್ದನ್ನು ಬರೆಯುವುದಿಲ್ಲ. ದೂರದ ದಾಯಾದಿಗಳು ಸತ್ತ ಸುದ್ದಿ ತಡವಾಗಿ ಬಂದರೆ ಹತ್ತು ದಿನದ ಸೂತಕವಿಲ್ಲ, ಬರೀ ಸ್ನಾನ. ಅದನ್ನು ಬರೆದಿಡುತ್ತಿದ್ದರು ಅಪ್ಪ. ನಮ್ಮ ಮನೆಯ ಮಕ್ಕಳಿಗೆಲ್ಲ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು!

ಬಿಡಿಯನ್ನು ಇಡಿಯಿಂದ ತಿಳಿ, ಇಡಿಯನ್ನು ಬಿಡಿಯಿಂದ ತಿಳಿ ಎಂದು ಇಪ್ಪತ್ತೈದು ವರ್ಷದಿಂದ ಹುಡುಗಿಯರಿಗೆ ಪಾಠ ಹೇಳುತ್ತಿದ್ದೇನೆ. ಪ್ರತಿ ವರ್ಷ ಯಾರಾದರೂ ಒಬ್ಬಳು ಕೈ ಎತ್ತಿ ಕೇಳುತ್ತಾಳೆ, ಹಾಗಾದರೆ ತಪ್ಪಾಗಿ ಓದುವುದು ಅಂತ ಒಂದು ಇಲ್ಲವೇ ಮೇಡಂ ಎಂದು. ಇದೆ ಕಣಮ್ಮ, ಉಳಿದ ಪುಟಗಳನ್ನು ತೆರೆಯದೆ ಓದುವುದು ತಪ್ಪು ಎಂದು ದೊಡ್ಡದಾಗಿ ಹೇಳುತ್ತೇನೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಥೂ ನನ್ನ ಜನ್ಮಕ್ಕೆ! ಒಂದು ಪುಟ, ಒಂದೇ ಪುಟ ನೋಡಿ ಅಕ್ಕನನ್ನು ಸಾಯಿಸಿದ್ದೆ.

ಆದರೂ ಆಸೆ ಬಿಡಲಿಲ್ಲ ನೋಡಿ. ನನ್ನ ಆಸೆ ಯಾವುದೆಂದರೆ, ನಾನು ಓದಿದ್ದೇ ಸರಿ ಇರಲಪ್ಪ ಎಂದು. ಅಪ್ಪ ಕ್ರೂರಿಯಾಗಿರಲಿ, ನಾನು ಪಾರಾಗಲಿ ಎಂದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮರುದಿನ ಶ್ರೀರಂಗಪಟ್ಟಣದ ದೊಡ್ಡಮ್ಮನಿಗೆ ಫೋನು ಮಾಡಿದೆ. ಅಪ್ಪನ ದಾಯಾದಿಗಳ ಪೈಕಿ ಬದುಕಿರುವ ಹಿರಿಯಳು ಅವಳೊಬ್ಬಳೇ. ಆ ವರ್ಷದ ಆಷಾಢದಲ್ಲಿ ಯಾರಾದರೂ ಹೋಗಿದ್ದರಾ ಎಂದು ಕೇಳಿದೆ.

"ನಮ್ಮ ಎರಡನೇದು ಹುಟ್ಟಿದ ವರ್ಷ ತಾನೇ? ಹೂಂ ಕಣಮ್ಮ, ಕೊನೇ ಮನೆ ಅಜ್ಜ ಹೋಗಿದ್ದು ಆವಾಗ್ಲೇ. ಬಾಣಂತಿ ಮನೇಲಿ ಸೂತಕ ಬೇರೆ ಬಂತಲ್ಲಾಂತ ನಮ್ಮತ್ತೆ ಗೊಣಗ್ತಿದ್ರು. ಎಲ್ರಿಗೂ ಕಾಗದ ಹಾಕಿದ್ವಿ."

"ಮದರಾಸಿಗೂ ಹಾಕಿದ್ರಾ? ತಲುಪಿತಾ?"

"ಹಾಕದೆ ಇರ್ತೀವಾ? ತಲುಪ್ತೋ ಇಲ್ವೋ ನಂಗೇನ್ ಗೊತ್ತು. ಓದಿ ಹರಿದು ಹಾಕೋ ಕಾಗದಕ್ಕೆ ಯಾರಾದ್ರೂ ಉತ್ತರ ಬರೀತಾರೇನೇ? ಈಗ್ಯಾಕೆ ಅದೆಲ್ಲ?"

ಈಗ್ಯಾಕೆ! ಮಿಂಚಿಹೋದ ಮಾತಿಗೆ ಸಾಕ್ಷಿ ಹುಡುಕಿ ಹೊರಟಿದ್ದೆ. ಇದ್ದ ಒಂದು ಸಾಕ್ಷಿಯನ್ನು ನಮ್ಮ ಆಚಾರವೇ ಹೊಸ್ತಿಲ ಹೊರಗೆ ಹರಿದು ಎಸೆದಿತ್ತು. ಸಾವಿನ ಕಾಗದ ಉಳಿಯುವ ಪದ್ಧತಿ ಇದ್ದಿದ್ದರೆ ಪಂಚಾಂಗದ ಪಕ್ಕದಲ್ಲೇ ಅದು ಸಿಗುತ್ತಿತ್ತು, ನಾನು ತಪ್ಪುತ್ತಿರಲಿಲ್ಲ ಎಂದು ಅಪ್ಪನ ಮೇಲೆ, ಪದ್ಧತಿಯ ಮೇಲೆ ಹರಿಹಾಯ್ದೆ. ಗೋಡೆಯ ಜೊತೆ ಜೋರಾಗಿ ಜಗಳವಾಡಿದೆ. ಆಗ ಹೊಳೆಯಿತು. ಉಳಿಯದ ಕಾಗದ ಸಾವಿನದು. ಹಾಗಿದ್ದ ಮೇಲೆ ಅಕ್ಕ ಬರೆದ ಕಾಗದ ಏನಾಯಿತು?

ಮತ್ತೆ ಏಣಿ ಹತ್ತಿದೆ. ಟ್ರಂಕಿನ ತಳದಲ್ಲಿ ತಂತಿ ಇತ್ತು, ತುಕ್ಕು ಹಿಡಿದು, ಕಾಗದಗಳ ಸಮೇತ. ಮೇಲಿನದನ್ನೆಲ್ಲ ಒಂದೊಂದಾಗಿ ಕಳಚಿದೆ. ಮದುವೆಯ ಕರೆಗಳು, ನಾಮಕರಣ, ಯಾರೋ ಬದರಿಗೆ ಹೋಗಿಬಂದದ್ದು. ಎರಡು ಗೃಹಪ್ರವೇಶಗಳ ನಡುವೆ ಆ ನೀಲಿ ಇನ್‌ಲ್ಯಾಂಡ್ ಕಾಗದ. ಅಕ್ಕನ ದುಂಡಗಿನ ಅಕ್ಷರ. ನಡುವೆ ಚುಚ್ಚಿದ ತೂತು, ತೂತಿನ ಸುತ್ತ ತುಕ್ಕಿನ ಬಳೆ. "ಅಪ್ಪಾ, ಇವತ್ತು ರಿಜಿಸ್ಟರ್ ಆಯಿತು. ಕ್ಷಮಿಸಿ ಅಂತ ಕೇಳುವ ಮುಖ ಇಲ್ಲ. ನೀವು ಬಾ ಅಂದ ದಿನ ಬರುತ್ತೇನೆ." ಕೆಳಗೆ ಮಾಧವರಂನ ವಿಳಾಸ.

ಹರಿದಿರಲಿಲ್ಲ. ಒಳಗೆ ತಂದಿದ್ದರು. ಮಿಕ್ಕ ಮಂಗಳದ ಕಾಗದಗಳ ಜೊತೆ ಏರಿಸಿದ್ದರು. ಅವರು ಬಾ ಎಂದು ಯಾಕೆ ಬರೆಯಲಿಲ್ಲ, ನನಗೆ ಗೊತ್ತಿಲ್ಲ. ಹಟವಿತ್ತು, ಗಂಡಸು, ತಂದೆ, ಮೊದಲು ಅವಳೇ ಬರಲಿ ಎಂದು ಕಾದಿರಬಹುದು. ಇಟ್ಟುಕೊಂಡದ್ದೆಲ್ಲ ಕ್ಷಮಿಸಿದ್ದು ಅಂತಲೂ ಅಲ್ಲ. ಆದರೆ ಸತ್ತವಳ ಕಾಗದವನ್ನು ನಮ್ಮಪ್ಪ ಮನೆಯೊಳಗೆ ಇಡುವವರಲ್ಲ. ಇದರಲ್ಲಿ ನಾಲ್ಕು ಅರ್ಥ ತೆಗೆಯಲು ಯಾವ ತತ್ವಜ್ಞಾನಿಯಿಂದಲೂ ಆಗದು.

ಬುಧವಾರ ಮಧ್ಯಾಹ್ನ ಕಾಗದವನ್ನು ಪುಸ್ತಕದೊಳಗಿಟ್ಟುಕೊಂಡು ಆಸ್ಪತ್ರೆಗೆ ಹೋದೆ. ವರಾಂಡದಲ್ಲಿ ಅಕ್ಕನ ಮಗಳಿಗೆ ಎಲ್ಲ ಹೇಳಿದೆ. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ತಮಿಳಿನಲ್ಲೇ. "ಇಪ್ಪೋ ವೇಣ್ಡಾಂ ಚಿತ್ತಿ. ಆಪರೇಷನ್ ಮುಡಿಯಟ್ಟುಂ" ಅಂದಳು. ಈಗ ಬೇಡ ಚಿಕ್ಕಮ್ಮ, ಆಪರೇಷನ್ ಮುಗಿಯಲಿ. ಸರಿಯಾದ ಮಾತೇ. ಎದೆ ಕೊಯ್ಯುವ ಹಿಂದಿನ ದಿನ ಎದೆಗೆ ಇಂಥದ್ದನ್ನು ಇಕ್ಕಬಾರದು. ಆದರೆ ಅಕ್ಕ ನಾಳೆ ಹೊರಗೆ ಬರದಿದ್ದರೆ, ಅಪ್ಪ ನನ್ನನ್ನು ಸಾಯಿಸಿದ್ದರು ಎಂದುಕೊಂಡೇ ಹೋಗುತ್ತಾಳಲ್ಲ. ಹೇಳಿದರೂ ಪಾಪ, ಹೇಳದಿದ್ದರೂ ಪಾಪ. ಆ ಹುಡುಗಿಯ ಕೈ ಬಿಡಿಸಿಕೊಂಡು ಒಳಗೆ ಹೋದೆ.

ಅಕ್ಕ ಕನ್ನಡಕ ಹಾಕಿಕೊಂಡು ಮೊದಲು ಪಂಚಾಂಗ ನೋಡಿದಳು. ಉಳಿದ ವರ್ಷಗಳ ಸ್ನಾನಗಳನ್ನೂ ತೋರಿಸಿದೆ, ದೊಡ್ಡಮ್ಮ ಹೇಳಿದ್ದನ್ನು ಹೇಳಿದೆ. ಕೊನೆಗೆ ನೀಲಿ ಕಾಗದ ಕೈಗಿಟ್ಟೆ. ಅವಳು ಓದಲಿಲ್ಲ. ತೂತಿನ ಮೇಲೆ ಹೆಬ್ಬೆರಳಿಟ್ಟು ಸವರಿದಳು.

"ಚುಚ್ಚಿಟ್ಟಿದಾರೆ" ಅಂದಳು. "ಅಪ್ಪ ಚುಚ್ಚಿಟ್ಟಿದಾರೆ ಕಣೇ. ಒಳಗೆ ಇಟ್ಕೊಂಡಿದಾರೆ."

ಮುಖ ಅರಳಿತು. ನಿಜವಾಗಿ, ಹುಡುಗಿಯ ಹಾಗೆ ಅರಳಿತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ನಗುತ್ತಿದ್ದಳು. ಅಪ್ಪ ಯಾವಾಗಲೂ ಹೇಳುತ್ತಿದ್ದ ಗಾದೆಯನ್ನು ಅಪ್ಪನದೇ ರಾಗದಲ್ಲಿ ಹೇಳಿದಳು: "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು." ನಾನೂ ನಕ್ಕುಬಿಟ್ಟೆ. ಬಚಾವಾದೆ ಅಂದುಕೊಂಡೆ.

ಅಷ್ಟರಲ್ಲಿ ಅವಳ ಹುಬ್ಬು ಗಂಟಾಯಿತು. ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು.

"ಮ್ಯೂಸಿಯಂನಲ್ಲಿ ನೀನು ನನಗೆ ಹೇಳ್ದಾಗ ಅಪ್ಪ ಇದ್ರಲ್ಲ?"

"ಹೂಂ."

"ಆಮೇಲೂ ಮೂರು ವರ್ಷ ಇದ್ರು."

"ಹೂಂ."

"ನೀನು ಪಂಚಾಂಗ ಓದ್ದಾಗ ಎಲ್ಲಿದ್ರು?"

ಪಕ್ಕದ ಕೋಣೆಯಲ್ಲಿ ಇದ್ದರು. ಈಸಿಚೇರಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟ ಸದ್ದು ಕೂಡ ನನಗೆ ಕೇಳಿಸಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ.

ಅಕ್ಕ ರೇಗಲಿಲ್ಲ. ನನ್ನನ್ನೇ ನೋಡಿದಳು, ಪಾಠ ಅರ್ಥವಾಗದ ಮಕ್ಕಳು ನೋಡುತ್ತಾರಲ್ಲ, ಹಾಗೆ. "ಎದ್ದು ಹೋಗಿ ಒಂದು ಮಾತು ಕೇಳ್ಬಹುದಿತ್ತಲ್ಲೇ. ಅಪ್ಪಾ, ಇದು ಯಾರಿಗೆ ಮಾಡಿದ ಸ್ನಾನ ಅಂತ. ಯಾಕ್ ಕೇಳ್ಲಿಲ್ಲ?"

ಏನೋ ಶುರು ಮಾಡಿದೆ, ಆಗಿನ ನನ್ನ ಸಂಶೋಧನೆ, ಬರಹ, ಬರೆದವನು ಎಂದು. ನರ್ಸು ಸೂಜಿ ಹಿಡಿದುಕೊಂಡು ಬಂದಳು, ಹೊರಗೆ ಹೋಗಿ ಎಂದಳು. ಅಕ್ಕ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು.

"ನಾಳೆ ನಾನು ಹೊರಗೆ ಬಂದ್ಮೇಲೆ ಹೇಳು. ಯೋಚ್ನೆ ಮಾಡಿ ಹೇಳು. ಪಾಠ ಮಾತ್ರ ಮಾಡ್ಬೇಡ ತಾಯಿ, ಕೈ ಮುಗೀತೀನಿ."

ಗುರುವಾರ ಬೆಳಿಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋದರು. ನಾನೂ ಅವಳ ಮಗಳೂ ಹೊರಗಿನ ಬೆಂಚಿನ ಮೇಲೆ ಕೂತೆವು. ಆ ಹುಡುಗಿ ಬೆಂಚಿನ ಇನ್ನೊಂದು ತುದಿಗೆ ಸರಿದು ಕೂತಳು. ನಾನು ಉತ್ತರ ಹುಡುಕುತ್ತಾ ಕೂತೆ. ಮೊದಲು ದೊಡ್ಡ ಉತ್ತರ ಸಿಕ್ಕಿತು, ನನ್ನ ಓದಿನದು. ಬರೆದವನ ಬಾಯಿಮಾತು ಸಾಕ್ಷಿಯಲ್ಲ ಎಂದು ಆಗ ನಂಬಿದ್ದೆ ಅಕ್ಕಾ. ಅದನ್ನು ಬಿಸಾಕಿದೆ. ಆಮೇಲೆ ಸಣ್ಣ ಉತ್ತರ. ಅಪ್ಪನಿಗೆ ನೋವಾಗಬಾರದು ಎಂದು. ಅದೂ ಸುಳ್ಳು. ಅಪ್ಪನಿಗೆ ಹೆದರಿದೆ ಎಂದರೆ? ಅಪ್ಪ ಜೀವಮಾನದಲ್ಲಿ ನನ್ನ ಮೇಲೆ ದನಿ ಏರಿಸಿದವರಲ್ಲ. ಒಂದೊಂದಾಗಿ ಕಳಚುತ್ತಾ ಹೋದೆ. ಹನ್ನೊಂದಾಯಿತು, ಒಂದಾಯಿತು. ಮೂರು ಗಂಟೆಗೆ ತಳದಲ್ಲಿದ್ದದ್ದು ಸಿಕ್ಕಿತು. ಸಿಕ್ಕಿದ ಕೂಡಲೇ ತಿಳಿಯಿತು, ಇಪ್ಪತ್ತಾರು ವರ್ಷದಿಂದ ಅದು ಅಲ್ಲೇ ಇತ್ತು ಎಂದು. ಅಕ್ಕ ಹೊರಗೆ ಬರಲಿ, ಕಾಲು ಹಿಡಿದು ಹೇಳಿಬಿಡುತ್ತೇನೆ, ಒದ್ದರೆ ಒದೆಯಲಿ ಅಂದುಕೊಂಡೆ.

ಐದಕ್ಕೆ ಡಾಕ್ಟರು ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಪಂಚಾಂಗದಲ್ಲಿ ಏನೂ ಬರೆಯಲಿಲ್ಲ. ನೀಲಿ ಕಾಗದವನ್ನು ಅವಳ ಮಗಳು ಅವಳ ಕೈಯಲ್ಲಿಟ್ಟು ಕಳಿಸಿದಳು.

ನೀನು ಕೇಳಿದ್ದಕ್ಕೆ ಉತ್ತರ ಇದು, ಅಕ್ಕಾ, ಪಾಠವಲ್ಲ. ನೀನು ನನ್ನೊಬ್ಬಳನ್ನೇ ಆ ಅಡುಗೆಮನೆಯಲ್ಲಿ ಬಿಟ್ಟು ಹೋಗಿದ್ದೆ. ಆರು ವರ್ಷ ಅಪ್ಪನಿಗೆ ನಾನು ಬೇಯಿಸಿ ಹಾಕಿದ್ದೆ. ಎದ್ದು ಹೋಗಿ ಕೇಳಿದ್ದರೆ ಅಪ್ಪ ಲೋಟ ಕೆಳಗಿಟ್ಟು, "ಬರ್ಲಿ ಬಿಡು" ಅಂದುಬಿಡುತ್ತಿದ್ದರು. ಅದು ನನಗೆ ಗೊತ್ತಿತ್ತು.